ತೊಗಲಿಲ್ಲದೆ ಮಸಿ ಇಲ್ಲ

ಚಚಡಿಯ ಸೀಮೆಯ ಎರಿ ಹೊಲ ಮಸಿಯಷ್ಟೇ ಕಪ್ಪು. ಆದರೆ ಶಾಲೆಯಲ್ಲಿ ‘ನಿಸರ್ಗಚಿತ್ರ ಬರೀರಿ’ ಎಂದರೆ ನಮ್ಮ ಹುಡುಗರು ಬರೆಯುವುದೇನು? ಎರಡು ತ್ರಿಕೋನ ಗುಡ್ಡ, ನಡುವೆ ಸೂರ್ಯ, ಒಂದು ಗುಡಿಸಲು, ಒಂದು ತೆಂಗಿನ ಗಿಡ. ಕೇರಿ ಇಲ್ಲ. ಕಳೆ ತೆಗೆಯುವ ಹೆಣ್ಣಾಳು ಇಲ್ಲ. ಮಂದಿ ಇಲ್ಲದ ಊರು ಯಾರಿಗೆ ಚೆಂದ? ದುಡಿಯದೆ ಉಣ್ಣುವವರಿಗೆ ಚೆಂದ.

ದೊಡ್ಡ ಕಲೆಯೂ ಇದನ್ನೇ ಮಾಡಿದೆ. ಮೈಸೂರಿನ ಕೆ. ವೆಂಕಟಪ್ಪ (1886–1965) ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತವರು. ಜಪಾನಿನ ಚಿತ್ರಕಾರರಿಂದ ಬಣ್ಣ ತೊಳೆದು ಬರೆಯುವ ರೀತಿ ಅಲ್ಲಿಗೆ ಬಂದಿತ್ತು. ಮುಂದೆ ವೆಂಕಟಪ್ಪನವರು ಊಟಿ, ಕೊಡೈಕೆನಾಲ್ ಬೆಟ್ಟಗಳ ಮೋಡ, ಮಂಜು, ಬೆಳದಿಂಗಳು ಬರೆದರು. ಅವರು ಚಿತ್ರಗಾರರ ಮನೆತನದವರು. ಆ ಕಸುಬಿಗೆ ನಮ್ಮ ಶರಣು. ಆದರೂ ಕೇಳುತ್ತೇವೆ: ಅದೇ ಊಟಿಯಲ್ಲಿ ಚಹಾ ಎಲೆ ಕಿತ್ತವರ ಬೆನ್ನು ಎಲ್ಲಿ?

ಆ ಪೂರ್ವದೇಶಗಳ ಕಡೆಗೇ ನೋಡೋಣ. ಕೊರಿಯಾದಲ್ಲಿ ಕಾಡಿಗೆಗೆ ತೊಗಲಿನ ಅಂಟು ಕೂಡಿಸಿ, ಅಚ್ಚು ಹಾಕಿ ಮಸಿ ಮಾಡುತ್ತಾರೆ. ಅಂಟು ಇಲ್ಲದಿದ್ದರೆ ಕಪ್ಪು ಕಾಗದಕ್ಕೆ ಹತ್ತದು. ಓದು ಬಲ್ಲ ಉಳ್ಳವರು ಅಂಥ ಮಸಿಯಿಂದ ಬೆಟ್ಟ ಬರೆದು ದೊಡ್ಡವರೆನಿಸಿಕೊಂಡರು. ದನ ಕೊಯ್ದು ತೊಗಲು ಹದ ಮಾಡುವ ಬೆಕ್‌ಜಾಂಗರನ್ನು ಮಾತ್ರ ದೂರ ಇಟ್ಟರು. 1894ರಲ್ಲಿ ಆ ಕಟ್ಟಳೆ ಕಾಯ್ದೆಯಿಂದ ಹೋಯಿತು, ಮನಸ್ಸಿನಿಂದ ಹೋಗಲಿಲ್ಲ. 1923ರಲ್ಲಿ ಜಿಂಜು ಊರಿನಲ್ಲಿ ಬೆಕ್‌ಜಾಂಗರು ಸಂಘ ಕಟ್ಟಿ ಎದ್ದರು. ಬಾಬಾಸಾಹೇಬರು ಮಹಾಡದ ಕೆರೆಯ ನೀರು ಮುಟ್ಟಿದ್ದು 1927ರಲ್ಲಿ. ಎರಡು ದೇಶ, ಒಂದೇ ಸಂಕಟ!

ಅಂಥ ಮಸಿಯಲ್ಲೇ ಬಿದಿರು, ಬೆಟ್ಟ ಬರೆದು ಬೆಳೆದವರು ಲೀ ಉಂಗ್ನೋ (1904–1989). 1967ರಲ್ಲಿ ಸರ್ವಾಧಿಕಾರಿ ಸರಕಾರ ಅವರನ್ನು ಜೈಲಿಗೆ ತಳ್ಳಿತು. ಅಲ್ಲಿ ಊಟದ ಸೋಯಾ ರಸವನ್ನೇ ಮಸಿ ಮಾಡಿಕೊಂಡು ಬರೆದರು. 1980ರಲ್ಲಿ ಗ್ವಾಂಗ್ಜು ನಗರದಲ್ಲಿ ಸೈನ್ಯ ಜನರನ್ನು ಕೊಂದಿತು. ಆಮೇಲೆ ಅವರ ಕಾಗದದ ತುಂಬ ಮಂದಿಯೋ ಮಂದಿ. ಬೆಟ್ಟ ಬರೆದ ಕುಂಚವೇ ಜನಸಾಗರ ಬರೆಯಿತು.

ಮಾಸ್ತರರೇ, ಬಣ್ಣಕ್ಕೆ ರೊಕ್ಕ ಇಲ್ಲದಿದ್ದರೆ ಇದ್ದಿಲು ಸಾಕು. ಹುಡುಗರು ಎರಿ ಹೊಲ ಬರೀಲಿ, ಅದರಾಗ ಕೂಲಿಯವರನ್ನೂ ಬರೀಲಿ. ಸವದತ್ತಿಯ ಎಲ್ಲಮ್ಮನ ಗುಡ್ಡ ಬರೀಲಿ. 1982ರಲ್ಲಿ ದೇವದಾಸಿ ನಿಷೇಧದ ಕಾಯ್ದೆ ಆಯಿತು. ಮುತ್ತು ಕಟ್ಟಿಸಿಕೊಂಡ ತಾಯಂದಿರ ಮುಖ ಯಾವ ಗುಡ್ಡದ ಚಿತ್ರದಾಗ ಐತಿ? ಅದನ್ನೂ ಬರೀಲಿ. ಮಂದಿ ಬಂದರೆ ಚಿತ್ರ ಕೆಡತೈತಿ ಅಂತ ಯಾರಾದರೂ ಅಂದರೆ, ಕೆಡಲಿ ಅನ್ರಿ.