ಶಿಶುವಿನ ಮೊದಲ ಛಾಯಾಚಿತ್ರ: ನ್ಯಾಸವೋ, ಪ್ರದರ್ಶನವೋ?

ಒಂಬತ್ತನೆಯ ಶತಮಾನದ ಆಚಾರ್ಯ ಜಿನಸೇನರು ಸಂಸ್ಕೃತ ಆದಿಪುರಾಣದಲ್ಲಿ ಗರ್ಭಾನ್ವಯ ಕ್ರಿಯೆಗಳು 53 ಎಂದು ಗಣಿಸಿದ್ದಾರೆ. ಅವುಗಳಲ್ಲಿ ಪ್ರಿಯೋದ್ಭವ, ನಾಮಕರ್ಮಗಳ ಅನಂತರ ಬರುವುದು ಬಹಿರ್ಯಾನ. ಜನಿಸಿ ಎರಡು ಮೂರು ಅಥವಾ ಮೂರು ನಾಲ್ಕು ತಿಂಗಳು ಕಳೆದ ಮೇಲೆ, ಅನುಕೂಲವಾದ ದಿನವೊಂದರಲ್ಲಿ, ಶಿಶುವನ್ನು ಪ್ರಸೂತಿಗೃಹದಿಂದ ಮೊದಲ ಬಾರಿಗೆ ಹೊರಗೆ ತರುವ ಕ್ರಿಯೆ ಅದು. ಮಗುವನ್ನು ಲೋಕದ ಮುಂದೆ ತರುವುದಕ್ಕೂ ಒಂದು ಕಾಲವಿದೆ, ಒಂದು ಕ್ರಮವಿದೆ ಎಂಬ ವಿವೇಕ ಅದರಲ್ಲಿ ಅಡಗಿದೆ.

ಇಂದು ಮೈಸೂರಿನ ಅನೇಕ ಮನೆಗಳಲ್ಲಿ ಈ ಬಹಿರ್ಯಾನವು ವೃದ್ಧಿಸೂತಕ ಕಳೆಯುವ ಮೊದಲೇ ನಡೆದುಹೋಗುತ್ತಿದೆ. ಶಿಶು ಬಾಣಂತಿಯ ಕೋಣೆಯಲ್ಲಿಯೇ ಮಲಗಿರುತ್ತದೆ. ಅದರ ಮುಖ ಮಾತ್ರ ವಾಟ್ಸಾಪ್ ಗುಂಪುಗಳಲ್ಲಿ, ಇನ್‌ಸ್ಟಾಗ್ರಾಂನಲ್ಲಿ ಊರೂರು ಸುತ್ತುತ್ತಿರುತ್ತದೆ. ಆಸ್ಪತ್ರೆಯಿಂದ ಮನೆಗೆ ಬಂದ ವಾರದೊಳಗೆ ದೀಪ, ಪರದೆ, ಬುಟ್ಟಿ, ಹೂವಿನ ಕಿರೀಟಗಳೊಡನೆ ಛಾಯಾಗ್ರಾಹಕನೂ ಆಗಮಿಸುತ್ತಾನೆ. ಸೂತಕವೆಂದು ಬಸದಿಗೆ ಹೋಗದ ಕುಟುಂಬ, ಅದೇ ದಿನಗಳಲ್ಲಿ ಶಿಶುವನ್ನು ಅಪರಿಚಿತರ ಸಂತೆಗೆ ಕಳುಹಿಸುತ್ತದೆ.

ಈ ವಿಚಾರದಲ್ಲಿ ಮನೆಯೊಳಗೆ ಎರಡು ಪಕ್ಷಗಳಿವೆ. ಎರಡೂ ದಾರಿ ತಪ್ಪಿವೆ. ಫೋಟೋ ತೆಗೆದರೆ ದೃಷ್ಟಿಯಾಗುತ್ತದೆ, ಆಯುಸ್ಸು ಕ್ಷೀಣಿಸುತ್ತದೆ ಎಂಬುದು ಅಜ್ಜಿಯ ಪಕ್ಷ. ಆಯುಃಕರ್ಮವನ್ನು ನಂಬುವ ಜೈನನಿಗೆ ಇದು ಲೋಕಮೂಢತೆಯೇ ಹೊರತು ಬೇರೆಯಲ್ಲ. ಫ್ಲಾಷ್ ಬೆಳಕಿನಿಂದ ಶಿಶುವಿನ ಕಣ್ಣು ಹೋಗುತ್ತದೆ ಎಂಬ ಭಯಕ್ಕೂ ವೈದ್ಯಶಾಸ್ತ್ರದ ಆಧಾರವಿಲ್ಲ. ಅಂತಹ ಚಿತ್ರದಲ್ಲಿ ಪಾಪೆಯಲ್ಲಿ ಬಿಳಿಯ ಹೊಳಪು ಕಂಡರೆ ಅದು ಕಣ್ಣಿನ ಕ್ಯಾನ್ಸರಿನ ಸೂಚನೆಯಾಗಿರಬಹುದಾದುದರಿಂದ, ಕೂಡಲೇ ವೈದ್ಯರಿಗೆ ತೋರಿಸಬೇಕು. ಇಲ್ಲಿ ಫೋಟೋ ಉಪಕಾರಿಯೇ ಆಯಿತು. ಇನ್ನು ಎಲ್ಲರೂ ಮಾಡುತ್ತಾರೆ, ಇದರಲ್ಲಿ ತಪ್ಪೇನು ಎಂಬುದು ಮಗ ಸೊಸೆಯರ ಪಕ್ಷ. ಎಲ್ಲರೂ ಮಾಡುತ್ತಾರೆಂಬುದು ಸಂತೆಪೇಟೆಯ ತಕ್ಕಡಿಗೂ ಸಮರ್ಥನೆಯಾಗದು, ಧರ್ಮಕ್ಕೆ ಹೇಗಾದೀತು?

ಮೊದಲು ಹಿಂಸೆಯ ಪ್ರಶ್ನೆ. ಪ್ರಮಾದದಿಂದ ಪ್ರಾಣಕ್ಕೆ ಒದಗುವ ಪೀಡೆಯೇ ಹಿಂಸೆ ಎಂಬುದು ಉಮಾಸ್ವಾಮಿಗಳ ಅಭಿಪ್ರಾಯ. ನವಜಾತ ಶಿಶುವಿನ ಕತ್ತು ನಿಲ್ಲುವುದಿಲ್ಲ. ಮೈಯ ಬಿಸಿ ಬೇಗ ಆರುತ್ತದೆ. ಅಂತಹ ಶಿಶುವಿನ ಬಟ್ಟೆ ಬಿಚ್ಚಿ, ಬುಟ್ಟಿಯಲ್ಲಿ ಮಡಿಚಿ ಮಲಗಿಸಿ, ಚಿತ್ರ ಚೆನ್ನಾಗಿ ಬರಲೆಂದು ಹಾಲಿನ ವೇಳೆಯನ್ನು ಮುಂದೂಡುವುದು ಪ್ರಮಾದವಲ್ಲದೆ ಮತ್ತೇನು? ಶಿಶು ಎರಡು ಅಂಗೈಗಳ ಮೇಲೆ ಗಲ್ಲವನ್ನೂರಿ ನಿದ್ರಿಸುವಂತೆ ತೋರುವ ಚಿತ್ರಗಳನ್ನು ಅನೇಕರು ನೋಡಿರುತ್ತಾರೆ. ನುರಿತವರು ಒಬ್ಬರು ತಲೆಯನ್ನು, ಇನ್ನೊಮ್ಮೆ ಕೈಗಳನ್ನು ಹಿಡಿದಿರುವಾಗ ಬೇರೆ ಬೇರೆ ಚಿತ್ರ ತೆಗೆದು, ಹಿಡಿದ ಕೈಗಳನ್ನು ಅಳಿಸಿ ಒಂದಾಗಿಸುತ್ತಾರೆ. ಆ ಗುಟ್ಟರಿಯದೆ ಮನೆಯಲ್ಲಿ ಅದನ್ನು ಅನುಕರಿಸುವವರು ಶಿಶುವಿನ ಉಸಿರನ್ನೇ ಅಪಾಯಕ್ಕೊಡ್ಡುತ್ತಾರೆ.

ಆದರೆ ದೇಹಪೀಡೆಯಿಲ್ಲದೆ ತೆಗೆದ ಚಿತ್ರವೂ ನಿರ್ದೋಷವೆಂದು ಹೇಳಲಾಗದು. ಇಲ್ಲಿಯೇ ಮುಖ್ಯ ವಿಷಯವಿರುವುದು. ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ನ್ಯಾಸಾಪಹಾರವೂ ಒಂದು. ಠೇವಣಿಯಿಟ್ಟವನು ತಾನಿಟ್ಟುದೆಷ್ಟೆಂಬುದನ್ನು ಮರೆತು ಕಡಿಮೆ ಕೇಳಿದಾಗ, ಹಾಗೆಯೇ ಇರಲಿ ಎಂದು ಅಷ್ಟನ್ನೇ ಕೊಟ್ಟು ಸುಮ್ಮನಾಗುವುದು ನ್ಯಾಸಾಪಹಾರವೆಂದು ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದರು ವಿವರಿಸಿದ್ದಾರೆ. ಠೇವಣಿದಾರನ ಅಜ್ಞಾನವು ಇಟ್ಟುಕೊಂಡವನ ಲಾಭವಾಗಬಾರದು ಎಂಬುದೇ ಇದರ ತಾತ್ಪರ್ಯ. ಶಿಶುವಿನ ಮುಖ, ಮೈ, ಅಳು, ನಗು ಇವೆಲ್ಲವೂ ತಂದೆತಾಯಿಯರ ಬಳಿಯಿರುವ ನ್ಯಾಸ. ಒಡೆಯನು ತೊಟ್ಟಿಲಲ್ಲಿದ್ದಾನೆ, ತನ್ನದೇನಿದೆ ಎಂಬುದನ್ನೇ ಅರಿಯನು. ಅವನು ಕೇಳಲಾರನೆಂದು ಖರ್ಚು ಮಾಡಿ, ಜಮೆಯ ಕಡೆಯಲ್ಲಿ ತಮ್ಮ ಹೆಸರಿಗೆ ಮೆಚ್ಚುಗೆಗಳನ್ನು ಬರೆದುಕೊಳ್ಳುವುದು ಯಾವ ನ್ಯಾಯ?

ದೇಶದ ಕಾನೂನು ಇಲ್ಲಿ ಹೆಚ್ಚು ನೆರವಾಗದು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. 2023ರಲ್ಲಿ ಸಂಸತ್ತು ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷ ತುಂಬದವರ ಮಾಹಿತಿಯನ್ನು ಬಳಸಲು ತಂದೆ ಅಥವಾ ತಾಯಿಯ ಒಪ್ಪಿಗೆಯನ್ನು ಬಯಸುತ್ತದೆ. ಹೊರಗಿನವರನ್ನು ತಡೆಯಲು ತಂದೆತಾಯಿಯರಿದ್ದಾರೆ, ಸರಿ. ತಂದೆತಾಯಿಯರನ್ನೇ ತಡೆಯುವವರು ಯಾರು? ಕಾನೂನು ನಿಲ್ಲುವಲ್ಲಿಂದಲೇ ವ್ರತ ಆರಂಭವಾಗುವುದು.

ಹಾಗಾದರೆ ಚಿತ್ರವೇ ಬೇಡವೇ ಎಂಬ ಪ್ರಶ್ನೆ ಏಳುವುದು ಸಹಜ. ಬೇಡವೆಂದಲ್ಲ. ತಾನು ಹೇಗಿದ್ದೆನೆಂಬುದನ್ನು ಮುಂದೊಂದು ದಿನ ಕಾಣುವ ಹಕ್ಕು ಆ ಮಗುವಿಗೂ ಇದೆ. ದೂರದೇಶದಲ್ಲಿರುವ ಸೋದರಮಾವನಿಗೂ ಅತ್ತೆಗೂ ಒಂದು ಚಿತ್ರ ಕಳುಹಿಸುವುದು ವಾತ್ಸಲ್ಯವೇ ಹೌದು. ಮೈಸೂರಿನವರೇ ಆದ ಟಿ. ಎಸ್. ಸತ್ಯನ್ (1923–2009) ಅವರು ಮಕ್ಕಳನ್ನು ಅವರಿದ್ದ ಹಾಗೆಯೇ ಕಂಡವರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಆ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶಿತವಾದವು. ಕಿಟಕಿಯ ಬೆಳಕು, ತಾಯಿಯ ಮಡಿಲು, ತಲೆಗೊಂದು ಕುಲಾವಿ, ಹೊಟ್ಟೆ ತುಂಬಿದ ಶಿಶು: ಮನೆಯ ಮೊದಲ ಚಿತ್ರಕ್ಕೆ ಇಷ್ಟು ಸಾಕು. ಅದನ್ನು ಅಚ್ಚು ಹಾಕಿಸಿ, ಹಿಂಬದಿಯಲ್ಲಿ ದಿನಾಂಕ ಬರೆದು ಆಲ್ಬಮ್ಮಿನಲ್ಲಿಡಲಿ. ನೂರು ತೆಗೆದು ಒಂದನ್ನೂ ಮತ್ತೆ ನೋಡದಿರುವುದು ಪರಿಗ್ರಹ. ಒಂದನ್ನು ತೆಗೆದು ಜೋಪಾನ ಮಾಡುವುದು ಪರಿಮಾಣವ್ರತ.

ಬಸದಿಯ ಟ್ರಸ್ಟುಗಳಿಗೂ ಇಲ್ಲೊಂದು ಕರ್ತವ್ಯವಿದೆ. ದೇವದ್ರವ್ಯವನ್ನು ಸ್ವಂತ ಗಲ್ಲಾಪೆಟ್ಟಿಗೆಗೆ ಬೆರೆಸಬಾರದೆಂಬುದನ್ನು ಧರ್ಮದರ್ಶಿಗಳಿಗೆ ಹೇಳಿಕೊಡಬೇಕಾಗಿಲ್ಲ. ಶಿಶುವಿನ ಮುಖಕ್ಕೂ ಅದೇ ನಿಯಮ ಸಲ್ಲಬೇಕು. ಪ್ರಥಮ ಜಿನದರ್ಶನಕ್ಕೆ ತಂದ ಮಗುವಿನ ಫೋಟೋವನ್ನು ಫ್ಲೆಕ್ಸಿನಲ್ಲಿ, ದಾನಿಗಳ ಕ್ಯಾಲೆಂಡರಿನಲ್ಲಿ, ಬಸದಿಯ ಗುಂಪಿನಲ್ಲಿ ಹಾಕುವುದಿಲ್ಲವೆಂದು ಪ್ರತಿಯೊಂದು ಟ್ರಸ್ಟೂ ನಿರ್ಣಯಿಸಲಿ. ಗರ್ಭಗೃಹದ ಮುಂದೆ ಮೊಬೈಲ್ ಹಿಡಿದ ಕೈಗಳ ನಡುವೆ ಆ ಮಗುವಿಗೆ ಜಿನಬಿಂಬವೇ ಕಾಣದಂತಾಗುವುದಾದರೂ ತಪ್ಪೀತು.

ಮಗು ಬೆಳೆದು ಒಂದು ದಿನ ಲೆಕ್ಕ ಕೇಳುವುದು ನಿಶ್ಚಯ. ಅಂದು ಆಲ್ಬಮ್ಮನ್ನು ಅದರ ಕೈಗಿತ್ತು, ಇಗೋ ನಿನ್ನದು, ನಿನಗಾಗಿಯೇ ಇಟ್ಟಿದ್ದೆವು ಎನ್ನಬಲ್ಲ ತಂದೆತಾಯಿಯರೇ ನ್ಯಾಸವನ್ನು ಕಾದವರು. ಆ ಮುಖ ಎಲ್ಲೆಲ್ಲಿ ಹೋಯಿತೆಂಬುದನ್ನೇ ಅರಿಯದವರು ಯಾವ ಲೆಕ್ಕವನ್ನು ಒಪ್ಪಿಸಿಯಾರು?