ಕರ್ಣನಿಗೆ ಸಿಕ್ಕ ಗೆಳೆಯ ನಮ್ಮೂರಿನವನಿಗೆ ಬೇಡವೇ?

ಮೊನ್ನೆ ಮಳವಳ್ಳಿಯಿಂದ ಮದ್ದೂರಿಗೆ ಬರುವ ಬಸ್ಸಿನಲ್ಲಿ ಕಿವಿಗೆ ಬಿದ್ದ ಮಾತು: "ಅವ್ನಿಗೆ ಅದೇ ಕಾಯ್ಲೆಯಂತೆ ಕಣ್ಲಾ. ಒಂದೇ ಸೀಟಲ್ಲಿ ಕೂತಿದ್ದೆ, ಎದ್ ಬಂದ್ಬುಟ್ಟೆ." ಕಾಯಿಲೆಯ ಹೆಸರನ್ನು ಯಾರೂ ಹೇಳಲಿಲ್ಲ. ಆದರೂ ಸುತ್ತ ಕೂತಿದ್ದವರಿಗೆಲ್ಲ ಅರ್ಥವಾಯಿತು.

ನಮ್ಮ ದೇಶದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಮದ್ರಾಸಿನಲ್ಲಿ. ಪಕ್ಕದಲ್ಲಿ ಕೂತರೆ, ಕೈ ಹಿಡಿದರೆ, ಒಂದೇ ಲೋಟದಲ್ಲಿ ಕಾಫಿ ಕುಡಿದರೆ ಇದು ಅಂಟುವುದಿಲ್ಲ ಎಂದು ಅಂದಿನಿಂದ ಗೋಡೆ ಗೋಡೆಗೂ ಬರೆದದ್ದಾಯಿತು. ಗೋಡೆಯ ಮೇಲಿನದು ತಲೆಗೆ ಇಳಿದಿಲ್ಲ.

ಈ ಭಯ ಅಮೆರಿಕವನ್ನೂ ಬಿಟ್ಟಿರಲಿಲ್ಲ. 1985ರಲ್ಲಿ ನ್ಯೂಯಾರ್ಕಿನಲ್ಲಿ ಲ್ಯಾರಿ ಕ್ರೇಮರ್ ಎಂಬಾತ 'ದಿ ನಾರ್ಮಲ್ ಹಾರ್ಟ್' ಎಂಬ ನಾಟಕ ಆಡಿಸಿದ. ಗಂಡಸರನ್ನೇ ಪ್ರೀತಿಸುವ ಗಂಡಸರ ಗೆಳೆತನದ ಕಥೆ ಅದು. ಒಬ್ಬೊಬ್ಬರೇ ಸಾಯುತ್ತಿದ್ದಾರೆ, ಸರ್ಕಾರ ಬಾಯಿ ಬಿಡುತ್ತಿಲ್ಲ, ಆಸ್ಪತ್ರೆಯವರು ಮುಟ್ಟಲು ಹೆದರುತ್ತಾರೆ. ಸಂಗಾತಿಯ ಹೆಣವನ್ನು ಕಸದ ಚೀಲಕ್ಕೆ ತುಂಬಿ ಕೊಟ್ಟರೆಂದು ಒಬ್ಬ ಹೇಳುವಾಗ ಯಾರ ಕರುಳು ತಾನೇ ಕಿವುಚುವುದಿಲ್ಲ? ಕ್ರೇಮರ್ ಕಟ್ಟುಕಥೆ ಬರೆಯಲಿಲ್ಲ, ತಾನು ಕಂಡದ್ದನ್ನೇ ಬರೆದ. 2011ರಲ್ಲಿ ಬ್ರಾಡ್‌ವೇಯಲ್ಲಿ ಅದೇ ನಾಟಕ ನಡೆದಾಗ, ಆ ಮುದುಕ ಥಿಯೇಟರಿನ ಹೊರಗೆ ನಿಂತು ಜನರ ಕೈಗೆ ಕರಪತ್ರ ಹಂಚಿದ.

ನಮಗೂ ಇಂಥದೊಂದು ನಾಟಕ ಬೇಕು ಎಂಬುದು ನಮ್ಮ ಅಭಿಪ್ರಾಯ.

ನಾಟಕ ನಮಗೇನು ಹೊಸದೇ? ಮಳವಳ್ಳಿ ಸುಂದರಮ್ಮನವರಂಥ ನಟಿಯನ್ನು ಕೊಟ್ಟ ಜಿಲ್ಲೆ ಇದು. ಜಾತ್ರೆ ಬಂತೆಂದರೆ ಊರೂರಲ್ಲಿ ಸೀನರಿ ಏಳುತ್ತದೆ, ಕೈಯಿಂದ ದುಡ್ಡು ಹಾಕಿ ರೈತರೇ ಪಾತ್ರ ಕಟ್ಟುತ್ತಾರೆ, ಹಾರ್ಮೋನಿಯಂ ಮೇಷ್ಟ್ರು ಬೆಳಗಿನ ತನಕ 'ಕುರುಕ್ಷೇತ್ರ' ನುಡಿಸುತ್ತಾರೆ. ಅದರಲ್ಲಿ ಚಪ್ಪಾಳೆ ಬೀಳುವುದು ಯಾರ ಸ್ನೇಹಕ್ಕೆ? ತುಂಬಿದ ಸಭೆಯಲ್ಲಿ ಎಲ್ಲರೂ ಕುಲ ಕೇಳಿ ಕರ್ಣನನ್ನು ತಲೆತಗ್ಗಿಸಿ ನಿಲ್ಲಿಸಿದಾಗ, ಎದ್ದು ಹೋಗಿ ಕೈ ಹಿಡಿದವನು ದುರ್ಯೋಧನ. ಕೆಟ್ಟವನೆನಿಸಿಕೊಂಡವನಿಗೇ ಅಷ್ಟು ಧೈರ್ಯವಿತ್ತು. ಒಳ್ಳೆಯವರೆಂದುಕೊಂಡ ನಾವು ಸೀಟು ಬಿಟ್ಟು ಏಳುತ್ತೇವೆ!

"ಜಾತ್ರೇಲಿ ಇಂಥಾದ್ದಾ ಸ್ವಾಮಿ, ಹೆಣ್ಮಕ್ಳು ಮಕ್ಳು ಕೂತಿರ್ತಾರೆ" ಎನ್ನಬಹುದು. ದ್ರೌಪದಿಯ ಸೀರೆ ಸೆಳೆಯುವುದನ್ನು ಅದೇ ಮಕ್ಕಳು ಮುಂದಿನ ಸಾಲಿನಲ್ಲೇ ಕೂತು ನೋಡುತ್ತಾರಲ್ಲ! ಇಲ್ಲಿ ಬೇಕಾದದ್ದು ಇಬ್ಬರು ಗೆಳೆಯರು, ಒಂದು ಮಂಚ, ಒಂದು ಲೋಟ ನೀರು. ಅಷ್ಟೇ.

ಇದು ಬರೀ ಕಣ್ಣೀರಿನ ಮಾತಲ್ಲ. ಸರ್ಕಾರ 2004ರಿಂದ ಮಾತ್ರೆಯನ್ನು ಪುಕ್ಕಟೆ ಕೊಡುತ್ತಿದೆ. ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲೂ ಸಿಗುತ್ತದೆ. ತಪ್ಪದೆ ನುಂಗಿದವನು ದುಡಿದುಕೊಂಡು ಎಲ್ಲರಂತೆ ಬಾಳುತ್ತಾನೆ. ರಕ್ತದಲ್ಲಿ ವೈರಸ್ ಕಾಣದಷ್ಟು ತಗ್ಗಿ ಹಾಗೇ ಉಳಿದರೆ ದಾಂಪತ್ಯದಲ್ಲೂ ಸೋಂಕು ದಾಟುವುದಿಲ್ಲ. ಆದರೆ ಗುರುತಿನವರು ಕಂಡಾರೆಂದು ಬೇರೆ ಊರಿಗೆ ಬಸ್ ಹತ್ತುವವರಿದ್ದಾರೆ. ಬಸ್ ಚಾರ್ಜು ಹೋಯಿತು, ಒಂದು ದಿನದ ಕೂಲಿಯೂ ಹೋಯಿತು. ಕೈ ಬರಿದಾದ ತಿಂಗಳು ಮಾತ್ರೆ ತಪ್ಪಿತು. ಮಾತ್ರೆ ತಪ್ಪಿದರೆ ಕಾಯಿಲೆ ಮತ್ತೆ ತಲೆ ಎತ್ತುತ್ತದೆ. ಅಂಗಡಿ ಕಟ್ಟೆಯ ಪಿಸುಮಾತು ಹೀಗೆ ಪ್ರಾಣ ತೆಗೆಯುತ್ತದೆ, ಸ್ವಾಮಿ.

ಕಾನೂನೂ ಇದೆ. 2017ರ ಎಚ್‌ಐವಿ ಕಾಯಿದೆಯ ಪ್ರಕಾರ ಸೋಂಕಿನ ಕಾರಣಕ್ಕೆ ಕೆಲಸದಿಂದ ತೆಗೆಯುವುದು, ಮಗುವಿಗೆ ಶಾಲೆ ನಿರಾಕರಿಸುವುದು, ಬಾಡಿಗೆ ಮನೆ ಬಿಡಿಸುವುದು ತಪ್ಪು. ದ್ವೇಷ ಹಬ್ಬಿಸಿದವರಿಗೆ 2 ವರ್ಷದವರೆಗೆ ಸಜೆ ಆಗಬಹುದು. ಆದರೆ ಕಾನೂನು ಬಂದು ಯಾರ ಹಾಸಿಗೆಯ ಪಕ್ಕದಲ್ಲೂ ಕೂರುವುದಿಲ್ಲ. ಅಲ್ಲಿ ಕೂರಬೇಕಾದವನು ಗೆಳೆಯ.

ಡ್ರಾಮಾ ಮೇಷ್ಟ್ರುಗಳಿಗೆ, ಯುವಕ ಸಂಘಗಳಿಗೆ ನಮ್ಮದೊಂದು ಸಲಹೆ. 'ಕುರುಕ್ಷೇತ್ರ' ಶುರುವಾಗುವ ಮುಂಚೆ ಜನ ಸೇರುವ ಹೊತ್ತಿನಲ್ಲಿ ಅರ್ಧ ಗಂಟೆ ಇದಕ್ಕೆ ಬಿಡಿ. ನಮ್ಮ ಮಾತಿನಲ್ಲೇ, ನಮ್ಮ ಊರಿನ ಇಬ್ಬರು ಗೆಳೆಯರ ಕಥೆ ಆಡಿಸಿ. ಡಿಸೆಂಬರ್ 1, ವಿಶ್ವ ಏಡ್ಸ್ ದಿನ, ಒಳ್ಳೆಯ ಮುಹೂರ್ತ.

ಅಲ್ಲಿಯವರೆಗೆ ಬಸ್ಸಿನ ಪ್ರಯಾಣಿಕರು ಒಂದು ಕೆಲಸ ಮಾಡಬಹುದು. ಯಾರಾದರೂ ಹಾಗೆ ಸೀಟು ಬಿಟ್ಟು ಎದ್ದರೆ, ಹೋಗಿ ಆ ಸೀಟಲ್ಲಿ ನೀವು ಕೂತ್ಕೊಳ್ಳಿ.