ಪಕ್ಕದ ಬೆಂಚಿನ ಮುಸ್ತಾಫಾ

ನನಗೆ ಸಿನಿಮಾ ಹುಚ್ಚು ಎಂಬುದು ನಮ್ಮ ಕ್ಲಾಸಿಗೆಲ್ಲ ಗೊತ್ತು. ಆದರೆ ಥಿಯೇಟರಿಗೆ ಹೋಗಿ ನೋಡಿದ ಸಿನಿಮಾಗಳು ಬೆರಳಲ್ಲಿ ಎಣಿಸುವಷ್ಟು. ದಾಂಡೇಲಿಯಿಂದ ಹುಬ್ಬಳ್ಳಿಗೆ ಹೋಗಿ ಸಿನಿಮಾ ನೋಡಿ ಬರುವುದೆಂದರೆ ಇಡೀ ದಿನದ ಕೆಲಸ. ಬಸ್ ಚಾರ್ಜ್, ಟಿಕೆಟ್, ಇಂಟರ್‌ವಲ್ಲಿನ ಖರ್ಚು ಎಲ್ಲ ಕೂಡಿಸಿ ನೋಡಿ ಅಬ್ಬಾ ವರ್ಷಕ್ಕೆ ಒಂದೋ ಎರಡೋ ಸಲ ‘ಹೂಂ’ ಅನ್ನುತ್ತಾರೆ. ಹಾಗಾಗಿ ನೋಡಿದ್ದೊಂದನ್ನೂ ನಾನು ಮರೆತಿಲ್ಲ.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಒಂದು ದೊಡ್ಡ ಹೊಡೆದಾಟದ ಚಿತ್ರಕ್ಕೆ ಹೋಗಿದ್ದೆವು. ಹೆಸರು ಬೇಡ, ಅಂಥವು ಬಹಳ ಇವೆ. ಅದರಲ್ಲಿ ಟೋಪಿ ಹಾಕಿ, ಸುರ್ಮಾ ಹಚ್ಚಿದವರೆಲ್ಲ ಬಾಂಬ್ ಇಡುವವರೇ. ಆಗಿನ್ನೂ ಸಣ್ಣವನಾಗಿದ್ದ ನನ್ನ ತಮ್ಮ ಅಬ್ಬಾನ ಕಿವಿಯಲ್ಲಿ ಕೇಳಿದ: “ಅಬ್ಬಾ, ಕೆಟ್ಟವರೆಲ್ಲ ನಿಮ್ಮ ಹಾಗೇ ಯಾಕೆ ಟೋಪಿ ಹಾಕ್ಯಾರ?” ಅಬ್ಬಾ “ಸುಮ್ಮನೆ ನೋಡು” ಎಂದರು. ಇಂಟರ್‌ವಲ್ಲಿನಲ್ಲಿ ಕೇಳದೆಯೇ ಐಸ್‌ಕ್ರೀಮ್ ಕೊಡಿಸಿದರು. ವಾಪಸ್ ಬರುವಾಗ ಬಸ್ಸಿನಲ್ಲಿ ಯಾರೂ ಸಿನಿಮಾದ ಮಾತೆತ್ತಲಿಲ್ಲ.

ಆಮೇಲೆ 2023ರ ಮೇ ತಿಂಗಳಲ್ಲಿ ‘ಡೇರ್‌ಡೆವಿಲ್ ಮುಸ್ತಾಫಾ’ ಬಂತು. ನನ್ನ ಎಸ್ಸೆಸ್ಸೆಲ್ಸಿ ಮುಗಿದಿತ್ತು, ಪಾಸಾದ ಖುಷಿಗೆ ಅಬ್ಬಾ ಒಪ್ಪಿದರು. ನಾವು ದ್ವಿತೀಯ ಪಿಯುಸಿಯಲ್ಲಿ ‘ಕೃಷ್ಣೇಗೌಡನ ಆನೆ’ ಓದುತ್ತೇವಲ್ಲ, ಅದೇ ಪೂರ್ಣಚಂದ್ರ ತೇಜಸ್ವಿಯವರ ಕಥೆ ಇದು. ಶಶಾಂಕ್ ಸೋಗಾಲ್ ನಿರ್ದೇಶಕರು. ತೇಜಸ್ವಿಯವರ ಓದುಗರೇ ಹಣ ಕೂಡಿಸಿ ಮಾಡಿಸಿದ ಚಿತ್ರವಂತೆ. ಅಬಚೂರು ಎಂಬ ಊರಿನ ಕಾಲೇಜು. ಹಿಂದೂ ಹುಡುಗರೇ ತುಂಬಿರುವ ಕ್ಲಾಸಿಗೆ ಮೊದಲ ಸಲ ಒಬ್ಬ ಮುಸ್ಲಿಂ ಹುಡುಗ ಸೇರುತ್ತಾನೆ. ಅವನು ಬರುವ ಮೊದಲೇ ಅವನ ಬಗ್ಗೆ ಗಾಳಿಸುದ್ದಿ ಬಂದಿರುತ್ತದೆ. ರಾಮಾನುಜ ಅಯ್ಯಂಗಾರಿಗೂ ಅವನಿಗೂ ಜಿದ್ದಾಜಿದ್ದಿ, ಕೊನೆಗೆ ಕ್ರಿಕೆಟ್.

ಅರ್ಧ ಥಿಯೇಟರ್ ಖಾಲಿ ಇತ್ತು. ಇದ್ದವರು ಮಾತ್ರ ಬಿದ್ದು ಬಿದ್ದು ನಕ್ಕರು. ಮುಸ್ತಾಫಾನನ್ನು ನೋಡಿ ನಗುತ್ತಿರಲಿಲ್ಲ, ಅವನ ಬಗ್ಗೆ ಏನೇನೋ ಕಲ್ಪಿಸಿಕೊಂಡವರ ಪೇಚಾಟಕ್ಕೆ ನಗುತ್ತಿದ್ದರು. ಅಂದರೆ ತಮಗೆ ತಾವೇ ನಗುತ್ತಿದ್ದರು. ಅಬ್ಬಾನ ಪಕ್ಕದಲ್ಲಿ ಕೂತಿದ್ದ, ಹಣೆಗೆ ವಿಭೂತಿ ಹಚ್ಚಿದ್ದ ಅಜ್ಜ ಒಬ್ಬರು ನಗು ತಡೆಯಲಾಗದೆ ಅಬ್ಬಾನ ತೊಡೆಯನ್ನೇ ತಟ್ಟಿಬಿಟ್ಟರು. ಇಂಥದ್ದು ಮೊಬೈಲಿನಲ್ಲಿ ನೋಡಿದರೆ ಸಿಗುವುದಿಲ್ಲ. ಮರುದಿನ ಓಣಿಯ ಕ್ರಿಕೆಟ್ಟಿನಲ್ಲಿ ತಮ್ಮ “ನಾನೇ ಮುಸ್ತಾಫಾ” ಎಂದ. ಪಕ್ಕದ ಮನೆಯ ಮರಾಠಿ ಹುಡುಗ ತಾನೂ ಮುಸ್ತಾಫಾನೇ ಆಗಬೇಕೆಂದು ಜಗಳ ತೆಗೆದ. ನನಗೆ ಇಡೀ ಸಿನಿಮಾಕ್ಕಿಂತ ಆ ಜಗಳವೇ ಹೆಚ್ಚು ಇಷ್ಟವಾಯಿತು.

ಹಾಗಂತ ನನಗೆ ತಕರಾರು ಇಲ್ಲವೆಂದಲ್ಲ. ಮುಸ್ತಾಫಾ ಎಲ್ಲದರಲ್ಲೂ ಜಾಣ, ಧೈರ್ಯಸ್ಥ. ಒಳ್ಳೆಯವನು ಅನ್ನಿಸಿಕೊಳ್ಳಲು ಅಷ್ಟೊಂದು ಗೆಲ್ಲಲೇಬೇಕೆ? ಇನ್ನು ನಮ್ಮಂಥ ಹುಡುಗಿಯರ ಮಾತು. ಗಿರೀಶ ಕಾಸರವಳ್ಳಿಯವರ ‘ಹಸೀನಾ’ (2004) ಬಂದಾಗ ನಾನು ಹುಟ್ಟಿರಲಿಲ್ಲ, ‘ಗುಲಾಬಿ ಟಾಕೀಸ್’ (2008) ಬಂದಾಗ ತೊಟ್ಟಿಲಲ್ಲಿದ್ದೆ. ಎರಡನ್ನೂ ಮೊಬೈಲಿನಲ್ಲೇ ನೋಡಿದೆ. ತಾರಾ, ಉಮಾಶ್ರೀ ಇಬ್ಬರಿಗೂ ಆ ಪಾತ್ರಗಳಿಗೆ ರಾಷ್ಟ್ರಪ್ರಶಸ್ತಿ ಬಂದಿದೆ. ಸಿನಿಮಾ ಹುಚ್ಚಿನ ಸೂಲಗಿತ್ತಿ ಗುಲಾಬಿ ನನಗೆ ಬಹಳ ಹತ್ತಿರದವಳು. ಆದರೆ ಇಬ್ಬರ ಕಥೆಯೂ ಕಣ್ಣೀರಿನದೇ. ಅಕೌಂಟೆನ್ಸಿಯಲ್ಲಿ ಫೇಲಾಗಿ, ಗೆಳತಿಯರೊಡನೆ ನಕ್ಕು, ಮತ್ತೆ ಪರೀಕ್ಷೆ ಬರೆಯುವ ಒಬ್ಬ ಫಾತಿಮಾಳನ್ನು ನಾನು ಇನ್ನೂ ತೆರೆಯ ಮೇಲೆ ನೋಡಿಲ್ಲ.

ಇದನ್ನೆಲ್ಲ ದೂರಿನ ಹಾಗೆ ಹೇಳಿಕೊಂಡು ತಿರುಗುತ್ತಿದ್ದ ನನ್ನ ಬಾಯಿ ಮುಚ್ಚಿಸಿದವಳು ನನ್ನದೇ ಕ್ಲಾಸಿನ ಗೆಳತಿ. ಅವಳು ಜೋಯಿಡಾ ಕಡೆಯ ಕುಣಬಿ ಹುಡುಗಿ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಅಂಚಿನ ಹಳ್ಳಿಯವಳು. ‘ಕಾಂತಾರ’ದ ಮಾತು ಬಂದಾಗ ನಾವೆಲ್ಲ ರಿಷಬ್ ಶೆಟ್ಟಿಯವರ ಕೊನೆಯ ದೃಶ್ಯದ ಬಗ್ಗೆ ಹೇಳುತ್ತಿದ್ದರೆ, ಅವಳು ಅರಣ್ಯ ಇಲಾಖೆಯವರು ಗಡಿ ಗುರುತಿಸಲು ಬರುವ ದೃಶ್ಯ ನೆನೆಸಿಕೊಂಡು, “ಅದು ನಮ್ಮೂರಿನ ಮಾತು” ಎಂದಳು. ಆಮೇಲೆ ಮೆಲ್ಲಗೆ, “ನೀ ಮುಸ್ತಾಫಾ ಮುಸ್ತಾಫಾ ಅಂತೀಯಲ್ಲ, ಈ ಕಾಲೇಜಿಗೆ ಬಂದ ಮೊದಲ ವಾರ ನಾನೇ ಮುಸ್ತಾಫಾ ಆಗಿದ್ದೆ” ಎಂದಳು.

ಹೌದು. ನಮ್ಮದು ಮುಸ್ಲಿಂ ಆಡಳಿತದ ಕಾಲೇಜು. ಆ ಮೊದಲ ವಾರ ನಾವು ನಮ್ಮ ನಮ್ಮೊಳಗೆ ಉರ್ದುವಿನಲ್ಲಿ ಮಾತಾಡುತ್ತಿದ್ದೆವು. ಅವಳು ಕೊನೆಯ ಬೆಂಚಿನಲ್ಲಿ ಒಬ್ಬಳೇ ಡಬ್ಬಿ ಬಿಚ್ಚುತ್ತಿದ್ದಳು. ಅವಳಿಗೆ ಸೊಕ್ಕು ಎಂದು ನಾನೇ ಹೇಳಿದ್ದೆ. ಅದೂ ಗಾಳಿಸುದ್ದಿಯೇ. ಗ್ಯಾದರಿಂಗ್‌ನಲ್ಲಿ ‘ಸಲಗ’ ಚಿತ್ರದ ಸಿದ್ದಿ ಗಾಯಕರ ಹಾಡಿಗೆ ಎಲ್ಲರೂ ಕುಣಿದೆವು. ಹಳಿಯಾಳದಿಂದ ಬರುವ ಸಿದ್ದಿ ಗೆಳೆಯನ ಮನೆಯ ಬಗ್ಗೆ ಎಷ್ಟು ಜನ ಕೇಳಿದ್ದೇವೆ? ಮುಂಡಗೋಡದಲ್ಲಿ ಟಿಬೆಟಿಯನ್ನರು 1966ರಿಂದ ಇದ್ದಾರೆ. ಅವರ ಬಗ್ಗೆ ಒಂದು ಕನ್ನಡ ಸಿನಿಮಾ ಬರಲಿ ಎಂದು ನನಗೂ ಯಾವತ್ತೂ ಅನ್ನಿಸಿರಲಿಲ್ಲ.

“ಸಿನಿಮಾ ಅಂದರೆ ಟೈಂಪಾಸು, ಅಷ್ಟು ಯಾಕೆ ತಲೆ ಕೆಡಿಸಿಕೋತೀಯಾ?” ಎಂದು ಕೆಲವರು ಕೇಳುತ್ತಾರೆ. ಟೈಂಪಾಸೇ ಸರಿ. ಆದರೆ ನನ್ನ ತಮ್ಮ ಆ ಎರಡು ಚಿತ್ರಗಳಿಂದ ಎರಡು ಬೇರೆ ಬೇರೆ ಮಾತು ಕಲಿತು ಬಂದ. ನಮ್ಮನ್ನು ಕೆಟ್ಟವರನ್ನಾಗಿ ತೋರಿಸುವುದು ಬೇಡ, ಫರಿಶ್ತೆಗಳನ್ನಾಗಿಯೂ ಬೇಡ. ಪಕ್ಕದ ಬೆಂಚಿನವರ ಹಾಗೆ ತೋರಿಸಿದರೆ ಸಾಕು. ಸಿನಿಮಾದವರಿಂದ ಇದನ್ನು ಕೇಳುವ ಮೊದಲು ನಾವೂ ನಮ್ಮ ಪಕ್ಕದ ಬೆಂಚನ್ನು ನೋಡಬೇಕು.

ಪ್ರಾಂಶುಪಾಲರಲ್ಲಿ ನನ್ನದೊಂದು ವಿನಂತಿ. ‘ಕೃಷ್ಣೇಗೌಡನ ಆನೆ’ ಪಾಠ ಮುಗಿದ ವಾರ, ಸಂಬಂಧಪಟ್ಟವರ ಅನುಮತಿ ಪಡೆದು, ನಮ್ಮ ಸಭಾಂಗಣದಲ್ಲಿ ‘ಡೇರ್‌ಡೆವಿಲ್ ಮುಸ್ತಾಫಾ’ ತೋರಿಸಿ. ಅಲ್ಲಿ ನಮಗೆ ನಮ್ಮ ನಮ್ಮ ಗುಂಪಿನ ಜೊತೆ ಕೂರಲು ಬಿಡಬೇಡಿ, ಹಾಜರಿ ನಂಬರಿನ ಪ್ರಕಾರ ಕೂರಿಸಿ. ಕುರ್ಚಿ ಹಾಕುವ ಕೆಲಸಕ್ಕೆ ನಾನೂ ನನ್ನ ಜೋಯಿಡಾದ ಗೆಳತಿಯೂ ಈಗಲೇ ಹೆಸರು ಕೊಟ್ಟಿದ್ದೇವೆ.